ಎಡಗಡೆಯ ಸೀಟು

ಎರಡು ಕೋಟಿ ರೂಪಾಯಿಯ ಕಾರಿನಲ್ಲಿ ಕೂತು ಸಾಯುವ ಭಾಗ್ಯ ಇಳಕಲ್ಲಿನಲ್ಲಿ ಇನ್ನೂ ಯಾರಿಗೂ ಸಿಕ್ಕಿಲ್ಲ. ನನಗೆ ಹುನಗುಂದದ ಹತ್ತಿರ ಸ್ವಲ್ಪದರಲ್ಲಿ ತಪ್ಪಿತು. ಆವತ್ತು ಸ್ಟೇರಿಂಗ್ ಹಿಡಿದಿದ್ದವರು ನಮ್ಮ ಪಕ್ಕದ ಮನೆಯ ಕಾಕಾ. ಅವರಿಗೆ ಎಡಗಡೆ ಕಾಣುತ್ತಿರಲಿಲ್ಲ. ನಾನು ಕೂತದ್ದು ಎಡಗಡೆ. ಈ ಎರಡು ಸಂಗತಿಗಳನ್ನು ಒಟ್ಟಿಗೆ ನೆನೆದರೆ ಈಗಲೂ ನನ್ನ ಅಂಗೈ ಒದ್ದೆಯಾಗುತ್ತದೆ.

ಕಾಕಾ ಹೋದ ಚಳಿಗಾಲದಲ್ಲಿ ತೀರಿಕೊಂಡರು. ಕಾರಿನಿಂದಲ್ಲ. ಮಧ್ಯಾಹ್ನ ಉಂಡು ಮಲಗಿದವರು ಚಹಾಕ್ಕೆ ಏಳಲಿಲ್ಲ, ಅಷ್ಟೆ. ಹೆಸರು ಬರೆಯಬೇಡ ಎಂದು ಅವರ ಹೆಂಡತಿ, ನಮ್ಮ ಕಾಕು, ಹೇಳಿದ್ದಾರೆ. ಬರೆದರೂ ಲಾಭವಿಲ್ಲ, ಓಣಿಯಲ್ಲಿ ಯಾರಿಗೂ ಅವರ ಹೆಸರು ಗೊತ್ತಿರಲಿಲ್ಲ. ಎಲ್ಲರಿಗೂ ಅವರು ಕಲ್ಲಿನ ಕಾಕಾ. ಊರ ಹೊರಗೆ ಅವರದೊಂದು ಗ್ರಾನೈಟ್ ಕಾರ್ಖಾನೆ. ನಮ್ಮೂರಿನ ಕೆಂಪು ಕಲ್ಲನ್ನು ಕೊಯ್ದು, ಕನ್ನಡಿಯ ಹಾಗೆ ಉಜ್ಜಿ, ದೊಡ್ಡ ದೊಡ್ಡ ಊರುಗಳಿಗೆ ಕಳಿಸುತ್ತಿದ್ದರು. ಆಳು ಎಷ್ಟು ಎತ್ತರವೆಂದರೆ, ಅವರು ನಮ್ಮ ಮನೆಗೆ ಬಂದಾಗ ಮೊದಲು ಬಾಗಿಲ ಚೌಕಟ್ಟಿಗೆ ಹಣೆ ಬಡಿದ ಸದ್ದು ಕೇಳುತ್ತಿತ್ತು, ಆಮೇಲೆ "ಅದೀರೇನ್ರಿ" ಅನ್ನುವ ದನಿ ಬರುತ್ತಿತ್ತು. ನಮ್ಮಪ್ಪ ಹಣೆಯ ಸದ್ದಿಗೇ ಚಹಾಕ್ಕೆ ಹೇಳಿಬಿಡುತ್ತಿದ್ದ.

ಕಲ್ಲಿನ ವ್ಯಾಪಾರದವರಿಗೆ ಒಂದು ಚಟ ಇದೆ. ಕಲ್ಲಿನ ದಿಮ್ಮಿ ಕೊಳ್ಳುವ ಮುಂಚೆ ಸಣ್ಣ ಸುತ್ತಿಗೆಯಿಂದ ಬಡಿದು ಕಿವಿಗೊಟ್ಟು ಕೇಳುತ್ತಾರೆ. ಗಟ್ಟಿ ಕಲ್ಲು ಗಂಟೆಯ ಹಾಗೆ ಕೂಗುತ್ತದೆ. ಒಳಗೆ ಸೀಳು ಇದ್ದದ್ದು ನೆಗಡಿಯಾದವನ ಹಾಗೆ ಮಾತಾಡುತ್ತದೆ. ಆಮೇಲೆ ಒಂದು ತಂಬಿಗೆ ನೀರು ಸುರಿಯುತ್ತಾರೆ. ಒದ್ದೆಯಾದಾಗಲೇ ಕಲ್ಲಿನ ನಿಜವಾದ ಬಣ್ಣ ಗೊತ್ತಾಗುವುದು. ನೀರು ಆರುವಾಗ ಸೀಳು ಇದ್ದಲ್ಲಿ ಮಾತ್ರ ಗೆರೆ ಉಳಿಯುತ್ತದೆ. ಕಾಕಾ ಇದನ್ನು ಕಲ್ಲಿಗಷ್ಟೇ ಮಾಡಿದ್ದರೆ ನಾನು ಬರೆಯುತ್ತಿರಲಿಲ್ಲ. ಕಲ್ಲಂಗಡಿ, ಕಪಾಟು, ಬೀಗರ ಮನೆಯ ಹೊಸ ಗೋಡೆ, ಎಲ್ಲವನ್ನೂ ಬಡಿಯುತ್ತಿದ್ದರು. ನನ್ನ ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ದಿನ ನನ್ನ ತಲೆಯನ್ನು ಬೆರಳ ಗೆಣ್ಣಿನಿಂದ ಬಡಿದು, ಕಿವಿ ಹತ್ತಿರ ತಂದು, "ಪೊಳ್ಳು ಐತಿ. ಆದ್ರ ಸೀಳ ಇಲ್ಲ. ನಡೀತೈತಿ" ಎಂದಿದ್ದರು. ನೀರು ಸುರಿಯದೆ ಬಿಟ್ಟದ್ದು ನನ್ನ ಪುಣ್ಯ.

ಇನ್ನೊಂದು ಸಂಗತಿ, ಅವರ ಎದುರು ಸಿರಾಮಿಕ್ ಎನ್ನುವ ಶಬ್ದ ಆಡುವಂತಿರಲಿಲ್ಲ. ಟೈಲ್ಸ್ ಬಂದು ಕಲ್ಲಿನ ಮರ್ಯಾದೆ ಕಳೆಯಿತು ಎಂದು ಅವರ ಸಿಟ್ಟು. "ಮಣ್ಣ ಸುಟ್ಟು ಕಲ್ಲ ಅಂತ ಮಾರತಾರಲೇ. ಇದಕ್ಕಿಂತ ದೊಡ್ಡ ಸುಳ್ಳ ಯಾವ್ದೈತಿ" ಅನ್ನುತ್ತಿದ್ದರು. ಮಗಳ ಮದುವೆಯಲ್ಲಿ ಯಾರೋ ಕೊಟ್ಟ ಪಿಂಗಾಣಿ ಕಪ್ಪುಗಳ ಸೆಟ್ಟು ಅವರ ಅಟ್ಟದ ಮೇಲೆ ಜೀವಾವಧಿ ಶಿಕ್ಷೆ ಅನುಭವಿಸುತ್ತಿತ್ತು.

ಅವರಿಗೆ ಹೆದರಿಕೆ ಎನ್ನುವುದು ಗೊತ್ತಿಲ್ಲ ಎಂದು ನಾವೆಲ್ಲ ನಂಬಿದ್ದೆವು. ಹರೆಯದಲ್ಲಿ ಕಲ್ಲಿನ ದಿಮ್ಮಿ ಹೇರಿದ ಲಾರಿಯನ್ನು ಅವರೇ ಹೊಡೆಯುತ್ತಿದ್ದರಂತೆ. ಬಾದಾಮಿ ಕಡೆಯ ಇಳಿಜಾರಿನಲ್ಲಿ ಒಮ್ಮೆ ಬ್ರೇಕು ಹೋದಾಗ ಲಾರಿಯನ್ನು ಜೋಳದ ಹೊಲಕ್ಕೆ ಇಳಿಸಿ, ಹೊಲದವನ ಹತ್ತಿರವೇ ರೊಟ್ಟಿ ಉಂಡು ಬಂದರಂತೆ. ಕಾಕಾಗೆ ಕಾರ್ಖಾನೆ, ಮನೆ, ಮಾನ, ಎಲ್ಲಕ್ಕಿಂತ ಮೇಲಿನದು ಸ್ಟೇರಿಂಗು. "ಗಾಡಿ ಹೊಡಿಯೋದು ಬಿಟ್ಟ ದಿನ ನನ್ನ ಹೊರಗ ಹಾಕ್ರಿ" ಎನ್ನುತ್ತಿದ್ದರು. ಕಾಕು ಮಾತ್ರ ಈಚೆಗೆ ಅವರನ್ನು ಒಬ್ಬರನ್ನೇ ಕಾರು ತೆಗೆಯಲು ಬಿಡುತ್ತಿರಲಿಲ್ಲ. ಕಾರ್ಖಾನೆಗೂ ಜೊತೆಗೆ ಹೋಗಿ ಎಡಗಡೆ ಕೂತು "ಎಡಕ್ ನೋಡ್ರಿ, ಎಡಕ್ ಸೈಕಲ್ ಐತಿ, ಎಡಕ್ ಆಕಳ ಬಂತು" ಎಂದು ದಾರಿಯುದ್ದಕ್ಕೂ ಜಗಳ. ಆ ಜಗಳ ಕೇಳಿಯೇ ಓಣಿಯವರು ಬೆಳಗಾಯಿತೆಂದು ತಿಳಿಯುತ್ತಿದ್ದರು.

ಕಾಕುಗೂ ಕಾರು ಬರುತ್ತಿತ್ತು. ಆಳು ಬಹಳ ಗಿಡ್ಡ. ಮನೆಯ ಸಣ್ಣ ಕಾರಿನಲ್ಲಿ ಗುಳೇದಗುಡ್ಡದ ಖಣದ ಬಟ್ಟೆಯಿಂದ ಹೊಲಿದ ದಿಂಬು ಹಾಕಿಕೊಂಡು ಕೂತು ಬಾದಾಮಿಯ ಬನಶಂಕರಿ ಗುಡಿಗೆ ಹೋಗಿಬರುತ್ತಿದ್ದರು. ಎದುರಿನಿಂದ ನೋಡಿದರೆ ಕಾರು ತಾನಾಗಿಯೇ ಬರುತ್ತಿದೆ ಅನಿಸುತ್ತಿತ್ತು. ಹತ್ತಿರ ಬಂದಾಗ ಹಣೆಯ ಕುಂಕುಮ ಕಾಣುತ್ತಿತ್ತು.

ಕಾಕಾನ ಗುಟ್ಟು ನನಗೆ ತಿಳಿದದ್ದು ಶೇಂಗಾ ಉಂಡಿಯಿಂದ. ಅವರ ಮನೆಯಲ್ಲಿ ಊಟದ ತಾಟಿನಲ್ಲಿ ಚಟ್ನಿ, ಉಪ್ಪಿನಕಾಯಿ ಬಲಕ್ಕೆ ಬಡಿಸುತ್ತಿದ್ದರು. ಊರಿಗೆಲ್ಲ ಎಡಕ್ಕೆ, ಇವರಿಗೆ ಬಲಕ್ಕೆ. ಶ್ರೀಮಂತರ ಪದ್ಧತಿ ಇರಬೇಕು ಎಂದುಕೊಂಡಿದ್ದೆ. ಒಂದು ದಿನ ಕಾಕು ಒಳಗಿದ್ದಾಗ ನಾನೇ ಉಂಡಿಗಳ ತಟ್ಟೆ ತಂದು ಕಾಕಾನ ಎಡಗಡೆ ಇಟ್ಟೆ. ಶೇಂಗಾ ಉಂಡಿ ಕಂಡು ಸುಮ್ಮನಿರುವ ಮನುಷ್ಯನಲ್ಲ. ಸುಮ್ಮನೆ ಕೂತಿದ್ದರು. ಪರೀಕ್ಷೆಗೆಂದು ನಾನೊಂದು ತಿಂದೆ. ಸುಮ್ಮನಿದ್ದರು. ವಿಜ್ಞಾನಕ್ಕಾಗಿ ಎಲ್ಲವನ್ನೂ ತಿಂದೆ.

"ಏನಲೇ ಕಟುಂ ಕಟುಂ ತಿನ್ನಾಕತ್ತಿ?" ಎಂದು ತಲೆಯನ್ನು ಪೂರ್ತಿ ತಿರುಗಿಸಿದರು. ಖಾಲಿ ತಟ್ಟೆ ನೋಡಿದರು. ನನ್ನನ್ನು ನೋಡಿದರು.

"ಕಾಕಾ, ನಿಮಗ ಈ ಕಡಿ ಕಾಣಂಗಿಲ್ಲೇನು?"

ಕಾಕಾ ಒಳಮನೆಯ ಕಡೆ ಒಮ್ಮೆ ನೋಡಿದರು. ಆಮೇಲೆ ದನಿ ಇಳಿಸಿ ಹೇಳಿದರು. ಕಣ್ಣಿನೊಳಗೆ ಒತ್ತಡ ಹೆಚ್ಚಾಗಿ ಎಡಗಣ್ಣು ಹೋಗಿತ್ತು; ಬಲಗಣ್ಣು ಕೂಡ ಎಡಗಡೆಯ ಅಂಚನ್ನು ಬಿಟ್ಟುಕೊಡುತ್ತಿತ್ತು. ಬಾಗಲಕೋಟೆಯ ಡಾಕ್ಟರು ಗಾಡಿ ಹೊಡೆಯಬೇಡಿ ಎಂದಿದ್ದರು. "ನಿಮ್ಮ ಕಾಕುಗ ಹೇಳಿದೀ ಅಂದ್ರ ನನ್ನ ಕೀಲಿ ಹೋತು. ಕೀಲಿ ಹೋತಂದ್ರ ನಾ ಹೋದೆ. ಬಾಯಿ ಮುಚ್ಚಿಕೊಂಡಿದ್ರ ಒಂದ್ ಗಾಡ್ಯಾಗ ಕೂಡಸ್ತೇನಿ. ಅಂಥಾ ಗಾಡಿ ಈ ಜಿಲ್ಲಾದಾಗ ಯಾರೂ ನೋಡಿಲ್ಲ."

ಕಾರುಗಳ ವಿಷಯದಲ್ಲಿ ನಾನು ಓಣಿಯ ಪ್ರೊಫೆಸರ್. ಯಾವ ಕಾರು ಸೊನ್ನೆಯಿಂದ ನೂರಕ್ಕೆ ಎಷ್ಟು ಸೆಕೆಂಡು ಎಂದು ಮೊಬೈಲು ನೋಡದೆ ಹೇಳುತ್ತೇನೆ. ಅಲ್ಲಿಯವರೆಗೆ ನಾನು ಕೂತ ಅತಿ ವೇಗದ ವಾಹನ ಹುನಗುಂದದ ಟಂಟಂ ಆಟೊ, ಅದು ಬೇರೆ ಮಾತು. ಹೂಂ ಎಂದೆ. ಲಂಚವೇ ಶಿಕ್ಷೆಯಾಗುತ್ತದೆ ಎಂದು ಆಗ ತಿಳಿಯಲಿಲ್ಲ.

ಕಾರು ಬಂದದ್ದು ಕಾರ್ಖಾನೆಗೆ. ಮನೆಗೆ ಕರೆಸಿದರೆ ಕಾಕು ಎಡಗಡೆ ಹತ್ತಿ ಕೂರುತ್ತಾರೆ ಎಂದು ಕಾಕಾನ ಲೆಕ್ಕ. ಕಾಕು ಜೊತೆಗೆ ಬರದಿರಲಿ ಎಂದು ಆವತ್ತು ಮನೆಯ ಕಾರು ಬಿಟ್ಟು ನಾವಿಬ್ಬರೂ ಟಂಟಂ ಹತ್ತಿ ಹೋಗಿದ್ದೆವು. ಹುಬ್ಬಳ್ಳಿಯ ಶೋರೂಮಿನ ಹುಡುಗ ಟೈ ಕಟ್ಟಿಕೊಂಡು ಟೆಸ್ಟ್ ಡ್ರೈವಿನ ಕಾರು ತಂದಿದ್ದ. ಕಡುನೀಲಿ ಬಣ್ಣ, ನೆಲಕ್ಕೆ ಅಂಟಿದಂಥ ಮೂತಿ. ಕಲ್ಲು ಕೊಯ್ಯುವ ಯಂತ್ರ ನಿಲ್ಲಿಸಿ ಕೆಲಸದವರೆಲ್ಲ ಹೊರಗೆ ಬಂದರು. ಹುಡುಗ ಬಾಯಿ ತೆರೆಯುವ ಮುಂಚೆ ಕಾಕಾ ಬಾನೆಟ್ಟನ್ನು ಗೆಣ್ಣಿನಿಂದ ಬಡಿದು ಕೇಳಿದರು. ಆಮೇಲೆ ಒಂದು ತಂಬಿಗೆ ನೀರು ತರಿಸಿ ಅದರ ಮೇಲೆ ಸುರಿದರು. ಹುಡುಗನ ಮುಖ ಮಗುವಿಗೆ ಸೂಜಿ ಹಾಕಿಸುವ ತಾಯಿಯ ಮುಖದ ಹಾಗಾಯಿತು.

"ಸರ್, ಇದರಲ್ಲಿ ಮೂರು ದರ್ಜೆಗಳಿವೆ. ಮೊದಲನೆಯದು ಸಾಮಾನ್ಯ. ಎರಡನೆಯದರಲ್ಲಿ ಸ್ಪೋರ್ಟ್ ಸೀಟು, ದೊಡ್ಡ ಚಕ್ರ. ಮೂರನೆಯದು ಪರ್ಫಾರ್ಮೆನ್ಸ್. ಎಂಜಿನ್ನೇ ಬೇರೆ. ಆಪ್ಷನ್ ಇಲ್ಲದೆ ಒಂದು ಕೋಟಿ ಎಪ್ಪತ್ತು ಲಕ್ಷದಿಂದ ಶುರುವಾಗುತ್ತದೆ."

"ಅಂದ್ರ ಕೆಳಗಿಂದು ಕಟಿಂಗ್ ಮಾಲು, ನಡುವಿಂದು ಕಮರ್ಷಿಯಲ್, ಮ್ಯಾಲಿಂದು ಫಸ್ಟ್ ಚಾಯ್ಸ್" ಎಂದರು ಕಾಕಾ, ಕಲ್ಲಿನ ದರ್ಜೆಯ ಲೆಕ್ಕದಲ್ಲಿ. "ಮ್ಯಾಲಿಂದು ಹೇಳ್ರಿ."

ಹುಡುಗ ಹೇಳತೊಡಗಿದ. ಸದ್ದು ಮಾಡುವ ಎಕ್ಸಾಸ್ಟು ನಾಲ್ಕು ಲಕ್ಷ. ಬ್ಯಾಡ. ಕಾರ್ಬನ್ನಿನ ಮಾಳಿಗೆ ಆರು ಲಕ್ಷ. ಬ್ಯಾಡ. ಸೀಟು ನೆನಪಿಟ್ಟುಕೊಳ್ಳುವ ಪ್ಯಾಕೇಜು: ಗುಂಡಿ ಒತ್ತಿದರೆ ನೀವು ಕೂರುವ ಅಳತೆಗೆ ಸೀಟು ತಾನೇ ಸರಿದು ನಿಲ್ಲುತ್ತದೆ, ಮುಂದಿನ ಎರಡೂ ಸೀಟಿಗೆ ಸೇರಿ ಎರಡು ಲಕ್ಷ. "ನನ್ನ ಕುಂಡಿ ಅಳತಿ ನನಗ ಗೊತ್ತೈತಿ. ಬ್ಯಾಡ."

"ಹಾಗಾದರೆ ಇದನ್ನಂತೂ ಬಿಡಬೇಡಿ ಸರ್. ಎಷ್ಟೇ ವೇಗ ಇರಲಿ, ತಕ್ಷಣ ನಿಲ್ಲುತ್ತದೆ. ಸಿರಾಮಿಕ್ ಬ್ರೇಕು. ಹತ್ತು ಲಕ್ಷ."

ಕೆಲಸದವರೆಲ್ಲ ಒಂದು ಹೆಜ್ಜೆ ಹಿಂದೆ ಸರಿದರು.

"ಗ್ರಾನೈಟಿನ ಬ್ರೇಕ್ ಐತೇನು?" ಎಂದು ಕಾಕಾ ಕೇಳಿದರು.

"ಇಲ್ಲ ಸರ್."

"ಹಂಗಾರ ಕಬ್ಬಿಣದ್ದ ಹಾಕ್ರಿ. ಸುಟ್ಟ ಮಣ್ಣ ಹಿಡಕೊಂಡು ನಾ ಗಾಡಿ ನಿಲ್ಲಸಂಗಿಲ್ಲ."

ಆಮೇಲೆ ಕಾಕಾನೇ ಒಂದೊಂದಾಗಿ ಕೇಳಿದರು. ನಾಲ್ಕೂ ಕಡೆ ತೋರಿಸುವ ಕ್ಯಾಮರಾ? ಹಾಕ್ರಿ. ಬಾಜೂಕ ಯಾರಾದರೂ ಬಂದರೆ ಕನ್ನಡಿಯಲ್ಲಿ ದೀಪ ಹತ್ತುವುದು? ಹಾಕ್ರಿ. ಕತ್ತಲೆಯಲ್ಲಿ ಮನುಷ್ಯರು ಕಾಣುವ ಕ್ಯಾಮರಾ, ಗೆರೆ ದಾಟಿದರೆ ಸ್ಟೇರಿಂಗು ನಡುಗುವುದು, ಅಡ್ಡ ಏನಾದರೂ ಬಂದರೆ ತಾನೇ ನಿಲ್ಲುವುದು? ಎಲ್ಲ ಹಾಕ್ರಿ, ಎಷ್ಟರ ಆಗ್ಲಿ. ಹುಡುಗನಿಗೆ ಅಚ್ಚರಿ. "ಇಷ್ಟು ಸುರಕ್ಷತೆ ನೋಡುವ ಗಿರಾಕಿ ನನಗೆ ಇದೇ ಮೊದಲು ಸರ್" ಎಂದ. ನನಗೆ ಆಗಲೇ ಗೊತ್ತಾಯಿತು. ಬೇರೆಯವರು ಈ ಕಾರಿನಲ್ಲಿ ವೇಗ ಕೊಳ್ಳುತ್ತಾರೆ. ಕಾಕಾ ಕಣ್ಣು ಕೊಳ್ಳುತ್ತಿದ್ದರು. ಡಾಕ್ಟರು ಬೇಡ ಎಂದದ್ದನ್ನು ಶೋರೂಮಿನವನಿಂದ ಹೌದು ಅನ್ನಿಸಲು ಹೊರಟಿದ್ದರು.

"ಕೂಡ್ಲೇ" ಎಂದು ನನಗೆ ಹೇಳಿದರು. ಹುಡುಗ ಹಿಂದೆ ಕೂತ. ನಾನು ಮುಂದೆ, ಎಡಗಡೆ, ಕಾಕಾನ ಪಾಲಿಗೆ ಇಲ್ಲದ ಜಗತ್ತಿನಲ್ಲಿ.

ಹೆದ್ದಾರಿಗೆ ಹತ್ತಿದ ಕೂಡಲೇ ಕಾಕಾ ಒತ್ತಿದರು. ನನ್ನ ದೇಹ ಮುಂದೆ ಹೋಯಿತು, ಹೊಟ್ಟೆ ಇಳಕಲ್ಲಿನಲ್ಲೇ ಉಳಿಯಿತು. ಎಡಗಡೆಯ ಕನ್ನಡಿಯಲ್ಲಿ ಕಿತ್ತಳೆ ದೀಪ ಹತ್ತುತ್ತಿತ್ತು, ಆರುತ್ತಿತ್ತು. ಅದನ್ನು ನೋಡಬೇಕಾದವರಿಗೆ ಅದು ಕಾಣುತ್ತಿರಲಿಲ್ಲ. ನಾಲ್ಕೂವರೆ ಲಕ್ಷದ ದೀಪದ ಕೆಲಸವನ್ನು ನಾನು ಪುಕ್ಕಟೆ ಮಾಡತೊಡಗಿದೆ.

"ಕಾಕಾ, ಎಡಕ್ ಲಾರಿ ಭಾಳ ಛಂದ ಐತ್ರಿ."

"ಹಂ."

"ಕಾಕಾ, ಎಡಕ್ ಆ ಬೈಕಿನವನ ಅಂಗಿ ನೋಡ್ರಿ."

ಹಿಂದೆ ಕೂತ ಹುಡುಗ, "ನಿಮ್ಮ ಹುಡುಗ ಪ್ರಕೃತಿಪ್ರೇಮಿ ಸರ್" ಎಂದ. ಹಿಡಿಯಲು ಏನಾದರೂ ಸಿಗಲಿ ಎಂದು ಸೀಟಿನ ಬದಿಗೆ ಕೈ ಹಾಕಿದೆ. ಯಾವುದೋ ಗುಂಡಿ ಒತ್ತಿಹೋಯಿತು. ಬೆನ್ನ ಹಿಂದಿನಿಂದ ಎರಡು ಮುಷ್ಟಿಗಳು ಎದ್ದು ನನ್ನ ಬೆನ್ನನ್ನು ತಿಕ್ಕತೊಡಗಿದವು. ಯಮ ಬಂದ ಎಂದುಕೊಂಡೆ. "ಅದು ಮಸಾಜ್, ಎಂಬತ್ತು ಸಾವಿರ" ಎಂದ ಹುಡುಗ.

ಹುನಗುಂದ ಇನ್ನೂ ಸ್ವಲ್ಪ ದೂರವಿತ್ತು. ಎಡಗಡೆಯ ತಗ್ಗಿನಿಂದ ಕುರಿಗಳು ರಸ್ತೆಗೆ ಏರುತ್ತಿದ್ದವು. ಮೊದಲು ಒಂದು ಟಗರು, ಅದರ ಬೆನ್ನಿಗೆ ಹಿಂಡು. ಲಾರಿಯ ಅಂದ, ಬೈಕಿನವನ ಅಂಗಿ ಎಲ್ಲ ಹೇಳಿದ ನಾನು ಆ ಹೊತ್ತಿಗೆ ಬಾಯಿ ತೆರೆದೆ, ಮಾತು ಬರಲಿಲ್ಲ. ಬರಿ ಗಾಳಿ ಬಂತು. ಕಾಕಾ ನೆಟ್ಟಗೆ ಮುಂದೆ ನೋಡುತ್ತಿದ್ದರು, ಮುಖದಲ್ಲಿ ಲಾರಿ ಹೊಡೆಯುವ ಹರೆಯದ ಹುಡುಗನ ನಗು. ಅವರ ಪಾಲಿಗೆ ರಸ್ತೆ ಖಾಲಿ ಇತ್ತು.

ಕಾರೇ ಕಿರುಚಿತು. ಬೆಲ್ಟು ಎದೆಯನ್ನು ಬಿಗಿದು ಹಿಂದಕ್ಕೆ ಎಳೆಯಿತು, ಕಬ್ಬಿಣದ ಬ್ರೇಕು ತಾನಾಗಿ ಕಚ್ಚಿತು, ಟೈರು ಸುಟ್ಟ ವಾಸನೆ ಬಂತು. ನಿಂತಾಗ ಟಗರಿನ ಮೂಗು ಕಾರಿನ ಮೂತಿಗೆ ತಾಗಿತ್ತು. ಅದು ಒಮ್ಮೆ ಮೂಸಿ, ರುಚಿಯಿಲ್ಲ ಎಂಬಂತೆ ಮುಂದೆ ಹೋಯಿತು. ಅದರ ಹಿಂದೆ, ಹೆಗಲ ಮೇಲೆ ಮರಿ ಹೊತ್ತುಕೊಂಡು, ಕುರಿ ಕಾಯುವವನ ಹೆಂಡತಿ ನಿಂತಿದ್ದಳು. ಅವಳ ಮುಖ ನಾನು ಈ ಜನ್ಮದಲ್ಲಿ ಮರೆಯುವುದಿಲ್ಲ.

"ನೋಡಿದಿರಾ ಸರ್, ಪ್ಯಾಕೇಜು ಹೇಗೆ ಕೆಲಸ ಮಾಡಿತು" ಎಂದ ಹಿಂದಿನ ಹುಡುಗ. ಹೇಳುತ್ತಲೇ ಟೈ ಸಡಿಲಿಸಿಕೊಂಡ.

ಹಣೆಗೆ ಭಂಡಾರ ಹಚ್ಚಿದ್ದ ಕುರಿಯವನು ಕೋಲು ಹಿಡಿದು ಬಂದು ಕಿಟಕಿಯ ಹತ್ತಿರ ನಿಂತ. "ಕಣ್ಣ ಕಾಣಂಗಿಲ್ಲೇನ್ರಿ ಸಾವಕಾರ್ರ?"

ರಸ್ತೆಯ ಮೇಲೆ ದಿನವೂ ಎಲ್ಲರೂ ಎಲ್ಲರಿಗೂ ಕೇಳುವ ಮಾತು. ಕಾಕಾ ಗ್ಲಾಸು ಇಳಿಸಿದರು. ಏನೋ ಬೈಯುತ್ತಾರೆ ಎಂದುಕೊಂಡೆ.

"ಇಲ್ಲೋ ಯಪ್ಪಾ. ಈ ಕಡಿ ಕಾಣಂಗಿಲ್ಲ."

ಕುರಿಯವನು ಅವರನ್ನು ನೋಡಿದ, ಹೆಂಡತಿಯನ್ನು ನೋಡಿದ. ಕೋಲು ಕೆಳಗಿಳಿಸಿದ. "ಹಂಗಾರ ಇಳೀರಿ" ಎಂದ.

ಕಾಕಾ ಇಳಿದರು. ಕಾರಿನ ಮೂತಿಯ ಮೇಲೆ ಅಂಗೈ ಆಡಿಸಿದರು, ಕಲ್ಲಿನ ಸೀಳು ಹುಡುಕುವ ಹಾಗೆ. ಆ ಕೈ ನಡುಗುತ್ತಿತ್ತು. ಕಲ್ಲಿನ ಗಣಿಯಲ್ಲಿ ಸಿಡಿಮದ್ದಿನ ಬತ್ತಿಗೆ ಬೆಂಕಿ ಕೊಟ್ಟು ಬೀಡಿ ಹಚ್ಚಿಕೊಳ್ಳುತ್ತಿದ್ದ ಕೈ ಅದು. ನನಗೆ ಟಗರಿಗಿಂತ, ವೇಗಕ್ಕಿಂತ, ಆ ಕೈಯನ್ನು ನೋಡಿ ಹೆಚ್ಚು ಹೆದರಿಕೆಯಾಯಿತು. ಆಮೇಲೆ ಸುತ್ತಿ ಬಂದು ನನ್ನ ಬಾಗಿಲು ತೆರೆದರು.

"ಹಿಂದ ಕೂಡ್ಲೇ. ಇದು ನನ್ನ ಸೀಟು."

ಹುಡುಗ ಕಾರು ಓಡಿಸಿಕೊಂಡು ನೇರ ಕಾಕಾನ ಮನೆಗೆ ಬಂದ. ಕಾರ್ಖಾನೆಯಿಂದ ಯಾರೋ ಫೋನು ಮಾಡಿದ್ದರು. ಕಾಕು ಹೊಸ ಕಾರೇ ಬಂತೆಂದು ತಿಳಿದು ಆರತಿ ತಟ್ಟೆ, ತೆಂಗಿನಕಾಯಿ ಹಿಡಿದು ನಿಂತಿದ್ದರು. ಹುಡುಗ ಬೇಡವೆನ್ನುವಷ್ಟರಲ್ಲಿ ನಾಲ್ಕೂ ಚಕ್ರದ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಗಂಡ ಎಡಗಡೆಯಿಂದ ಇಳಿದದ್ದು ನೋಡಿ ಮಾತ್ರ ಅವರ ಕೈ ನಿಂತಿತು.

"ನನಗ ಎಡಗಡಿ ಕಾಣಂಗಿಲ್ಲ" ಎಂದರು ಕಾಕಾ.

"ಗೊತ್ತೈತಿ" ಎಂದರು ಕಾಕು. "ಚಟ್ನಿ ಬಲಕ್ಕ ಬಡಸಾಕ ಹತ್ತಿ ವರ್ಷ ಆತು."

"ಮತ್ತ ಹೇಳಲಿಲ್ಲ?"

"ದಿನಾ ಬಾಜೂಕ ಕೂತು ಒದರಿದ್ದು ಏನಂತ ತಿಳಿದ್ರಿ? ನೀವಾಗೇ ಹೇಳ್ತೀರಂತ ಕಾದೆ. ಎಂಥಾ ಗಂಡಸೋ." ತಟ್ಟೆಯ ಕರ್ಪೂರ ಆರಿಹೋಗಿತ್ತು. ಅವರು ನನ್ನ ಕಡೆ ತಿರುಗಿ, "ಇಂವಗೂ ಗೊತ್ತಿತ್ತೇನು? ಇಷ್ಟೊತ್ತನಕ ಇಂವನ ಕರಕೊಂಡು ಹೋಗಿದ್ರೇನು?" ಎಂದರು. ನಾನು ನಿಂಬೆಹಣ್ಣುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದೆ.

ಕಾರು ಕೊಳ್ಳುವ ಮಾತು ಅಲ್ಲಿಗೆ ಮುಗಿಯಿತು ಎಂದು ನಾವೆಲ್ಲ ತಿಳಿದೆವು. ಹುಡುಗ ಚಹಾ ಕುಡಿದು ಏಳಲು ಹೊರಟ. ಕಾಕಾ ಕೂಡ್ರಿ ಎಂದು ಕೈ ಸನ್ನೆ ಮಾಡಿದರು.

"ಮ್ಯಾಲಿಂದ ಇರ್ಲಿ, ಫಸ್ಟ್ ಚಾಯ್ಸ್. ಕತ್ತಲಾಗ ಕಾಣೋದು, ನಾಕೂ ಕಡಿ ಕಾಣೋದು, ಆ ಕ್ಯಾಮರಾ ಎಲ್ಲಾ ತಗೀರಿ. ತಾನ ನಿಲ್ಲೋದೊಂದು ಇರ್ಲಿ. ಹೊಡಿಯೋರಿಗೆ ಎರಡೂ ಕಣ್ಣ ಅದಾವ."

"ಯಾರು ಸರ್ ಓಡಿಸುವವರು?"

ಕಾಕಾ ಗದ್ದ ಎತ್ತಿ ಕಾಕುವನ್ನು ತೋರಿಸಿದರು. ಕಾಕು ಕೈಯಲ್ಲಿದ್ದ ತೆಂಗಿನಕಾಯಿಯನ್ನು ಮೆಲ್ಲಗೆ ಟೀಪಾಯಿಯ ಮೇಲೆ ಇಟ್ಟರು.

"ಆ ಸೀಟು," ಎಂದು ಕಾಕಾ ಕೇಳಿದರು, "ಎಷ್ಟ್ ಎತ್ತರ ಏರ್ತೈತಿ?"

ಹುಡುಗನಿಗೆ ಜೀವ ಬಂತು. ನೆನಪಿಟ್ಟುಕೊಳ್ಳುವ ಪ್ಯಾಕೇಜು ತೆಗೆದುಕೊಂಡರೆ ಎಷ್ಟು ಬೇಕಾದರೂ ಏರುತ್ತದೆ, ಮೇಡಂ ಅಳತೆ ಒಂದು ಗುಂಡಿಗೆ, ಪಕ್ಕದ ಸೀಟಿನಲ್ಲಿ ಸರ್ ಅಳತೆ ಇನ್ನೊಂದು ಗುಂಡಿಗೆ ಎಂದ. ಕಾಕಾ ಎರಡು ಲಕ್ಷಕ್ಕೆ ಚೌಕಾಶಿ ಮಾಡದೆ ಹೂಂ ಎಂದದ್ದನ್ನು ನಾನು ಕಣ್ಣಾರೆ ಕಂಡೆ. "ಉಳಿದ ದುಡ್ಡಿನಲ್ಲಿ ಸಿರಾಮಿಕ್ ಬ್ರೇಕು ಹಾಕಿಬಿಡೋಣವೇ ಸರ್?" ಎಂದು ಹುಡುಗ ಕೊನೆಯ ಪ್ರಯತ್ನ ಮಾಡಿದ. ಅವನನ್ನು ಬಾಗಿಲ ತನಕ ನಾನೇ ಕಳಿಸಿಬಂದೆ, ಅವನ ಒಳ್ಳೆಯದಕ್ಕೆ.

ಕಾರು ಬಂತು. ಅದು ಯಾರ ಕಾರು ಎಂದು ಮೊದಲ ದಿನವೇ ಗೊತ್ತಾಯಿತು. ಊರೊಳಗೆ ಕಾಕು ಎತ್ತಿನ ಗಾಡಿಯ ಹಿಂದೆ ತಾಳ್ಮೆಯಿಂದ ಹೋಗುತ್ತಿದ್ದರು; ಹೆದ್ದಾರಿಗೆ ಹತ್ತಿದ ಮೇಲೆ ಸೆರಗು ಸೊಂಟಕ್ಕೆ ಸಿಕ್ಕಿಸುತ್ತಿದ್ದರು. ಎಡಗಡೆ ಕಾಕಾ ಮೇಲಿನ ಹಿಡಿಕೆಗೆ ಜೋತುಬಿದ್ದು "ಸಾವಕಾಶ, ಏ ಸಾವಕಾಶ, ಶಿವನ" ಎನ್ನುತ್ತಿದ್ದರು. ಶಿವಯೋಗ ಮಂದಿರಕ್ಕೆ ಹೋದರೆ ದೇವರಿಗಿಂತ ಮೊದಲು ನೆಲಕ್ಕೆ ನಮಸ್ಕಾರ ಮಾಡುತ್ತಿದ್ದರು. "ಲೇ, ಹೆದರಿಕಿ ಅಂದ್ರ ಹಿಂಗ ಇರ್ತೈತೇನು? ನಿನಗ ಆವತ್ತ ಹಿಂಗ ಆಗಿತ್ತೇನು?" ಎಂದು ನನ್ನನ್ನು ಒಮ್ಮೆ ಕೇಳಿದರು. ಇದರ ಹತ್ತರಷ್ಟು ಎಂದೆ. ನನ್ನ ತಲೆಯನ್ನು ಗೆಣ್ಣಿನಿಂದ ಬಡಿದರು, ಮೆಲ್ಲಗೆ. ಏನು ಕೇಳಿಸಿತು ಎಂದು ಹೇಳಲಿಲ್ಲ.

ಅವರು ಹೋದ ಮೇಲೆ ಕಾರು ಬಹಳ ದಿನ ಹೊದಿಕೆಯ ಕೆಳಗೇ ಇತ್ತು. ಮೊನ್ನೆ ಕಾಕು ಕರೆದರು. ಬಾಗಲಕೋಟೆಯ ನವನಗರದ ಕಚೇರಿಯಲ್ಲಿ ಏನೋ ಕೆಲಸ, ಜೊತೆಗೆ ಬಾ ಎಂದರು. ನಾನು ಹಿಂದಿನ ಬಾಗಿಲಿಗೆ ಕೈ ಹಾಕಿದೆ. "ಮುಂದ ಕೂಡು" ಎಂದರು. ಕೂತೆ. ಅವರ ಮಗಳು ಬಂದಾಗ ಮೊಮ್ಮಕ್ಕಳು ಯಾರೋ ಆ ಸೀಟನ್ನು ಮುಂದಕ್ಕೆ ಎಳೆದಿಟ್ಟಿದ್ದರು. ಮೊಳಕಾಲು ಡ್ಯಾಶಿಗೆ ತಾಗುತ್ತಿತ್ತು. ಕಾಕು ತಮ್ಮ ಸೀಟು ಏರಿಸಿಕೊಂಡರು, ಕನ್ನಡಿ ನೋಡಿಕೊಂಡರು, ರೂಢಿಯಂತೆ ಪಕ್ಕದ ಸೀಟಿನ ಗುಂಡಿಯನ್ನೂ ಒತ್ತಿದರು.

ನನ್ನ ಕೆಳಗಿನ ಸೀಟು ತಾನಾಗಿ ಚಲಿಸತೊಡಗಿತು. ಹಿಂದಕ್ಕೆ, ಇನ್ನೂ ಹಿಂದಕ್ಕೆ, ಕೆಳಕ್ಕೆ. ಎತ್ತರದ ಮನುಷ್ಯನೊಬ್ಬ ಕಾಲು ಚಾಚಿಕೊಳ್ಳುವಷ್ಟು ಜಾಗ ಆಗುವ ತನಕ ಸರಿಯಿತು. ಹುನಗುಂದದ ಹತ್ತಿರ ಬಾಯಿಂದ ಬರದ ಸದ್ದು ಈಗ ಬಂದೇಬಿಡುತ್ತದೆ ಎಂದು ನಾನು ಮೇಲಿನ ಹಿಡಿಕೆ ಹಿಡಿದೆ. ಅದರ ಮೇಲೆ ಬೆರಳುಗಳು ಒತ್ತಿ ಒತ್ತಿ ಸವೆದ ಜಾಗವಿತ್ತು. ಸೀಟು ನಿಂತಿತು. ನನ್ನ ಕಾಲು ಎಲ್ಲಿಯೂ ತಾಗುತ್ತಿರಲಿಲ್ಲ.

ಕಾಕು ನನ್ನ ಕಡೆ ನೋಡಲಿಲ್ಲ. ಸೀಟು ಸರಿಮಾಡಿಕೊ ಎಂದೂ ಹೇಳಲಿಲ್ಲ. ಓಣಿಯ ತುದಿಯಲ್ಲಿ, ದೊಡ್ಡ ರಸ್ತೆಗೆ ಸೇರುವಲ್ಲಿ ಕಾರು ನಿಲ್ಲಿಸಿದರು.

"ಎಡಕ್ ನೋಡು" ಎಂದರು. "ಏನರ ಬರಾಕತ್ತೈತೇನು?"

ನಾನು ತಲೆಯನ್ನು ಪೂರ್ತಿ ತಿರುಗಿಸಿ ನೋಡಿದೆ.

"ಏನೂ ಇಲ್ರಿ ಕಾಕು. ಹೋಗ್ರಿ."